ಜಾತ್ರೆಯ ನಾಟಕ, ಬ್ಲ್ಯಾಕಿನ ಟಿಕೀಟು



ಕಳೆದ ಸಂಚಿಕೆಯಲ್ಲಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯ ಬಗ್ಗೆ ಬರೆದಿದ್ದೆನಲ್ಲ, ಅದನ್ನು ಓದಿ "ರೊಟ್ಟಿ ಸರಿ, ಬನಶಂಕರಿ ಜಾತ್ರೆಗೆ ಹೋಗಿಬಂದ ಸುದ್ದಿ ಯಾಕೆ ಬರೆಯಲಿಲ್ಲ?" ಎಂದು ನಿಮ್ಮಲ್ಲಿ ಕೆಲವರು ಕೇಳಿದ್ದೀರಿ. ಬರೆಯದೆ ಇದ್ದುದಕ್ಕೆ ಕಾರಣವಿತ್ತು. ಅಲ್ಲಿ ನಾನು ಮಾಡಿದ ಒಂದು ಕೆಲಸ ನೆನೆಸಿಕೊಂಡರೆ ನನಗೇ ನಾಚಿಕೆ. ಹೇಳಲೋ ಬೇಡವೋ ಎಂದು ಹದಿನೈದು ದಿನ ತೂಗಿ ನೋಡಿ, ಈಗ ನಿಮ್ಮ ಮುಂದೆ ಹೇಳುತ್ತಿದ್ದೇನೆ.

ದೂರದ ಊರಿನ ಓದುಗರಿಗಾಗಿ ಎರಡು ಮಾತು. ಬನಶಂಕರಿ ಬಾದಾಮಿಯಿಂದ 5 ಕಿಲೋಮೀಟರು. ಪುಷ್ಯ ಮಾಸದ ಹುಣ್ಣಿಮೆಗೆ, ನಾವು ಬನದ ಹುಣ್ಣಿಮೆ ಎನ್ನುತ್ತೇವೆ, ತೇರು ಎಳೆಯುತ್ತಾರೆ. ತೇರು ಮುಗಿದರೂ ಜಾತ್ರೆ ಮುಗಿಯುವುದಿಲ್ಲ, ಸುಮಾರು ಒಂದು ತಿಂಗಳು ನಡೆಯುತ್ತದೆ. ಬಾಗಿಲ ಚೌಕಟ್ಟಿನಿಂದ ಹಿಡಿದು ಬಳೆಯವರೆಗೆ ಎಲ್ಲ ಸಿಗುವ ಜಾತ್ರೆ. ಆದರೆ ನಮ್ಮ ಕಡೆಯ ಮಂದಿಗೆ ಬನಶಂಕರಿ ಎಂದರೆ ನಾಟಕ. ವೃತ್ತಿ ಕಂಪನಿಗಳು ಸಾಲಾಗಿ ತಗಡಿನ ಥೇಟರು ಹಾಕಿ, ದಿನಕ್ಕೆ ಎರಡು ಮೂರು ಆಟ ಆಡುತ್ತವೆ. ಒಂದರ ಮೈಕು ಇನ್ನೊಂದರ ಮೈಕಿನ ಮೇಲೆ ಕೂಗುತ್ತಿರುತ್ತದೆ.

ನಮ್ಮ ಅತ್ತೆಯವರಿಗೆ 78 ವರ್ಷ. ಮೊಣಕಾಲು ನೋವಿನಿಂದ ಮೂರು ವರ್ಷ ಜಾತ್ರೆ ತಪ್ಪಿಸಿದ್ದರು. "ಈ ಸಲ ಒಂದು ನಾಟಕ ನೋಡಿ ಬರ್ತೀನಿ, ಮುಂದಿಂದು ತಾಯಿ ಚಿತ್ತ" ಎಂದರು. ಅವರು ನಾಟಕದ ಹುಚ್ಚಿನವರು. ಏಣಗಿ ಬಾಳಪ್ಪನವರು ಬಸವಣ್ಣನ ಪಾತ್ರ ಮಾಡಿ ರಂಗದ ಮೇಲೆ ಬಂದಾಗ, ನಾಲ್ಕಾಣೆಯ ಚಾಪೆಯ ಮೇಲೆ ಕೂತ ತಾವೂ ತಮ್ಮ ತಾಯಿಯೂ ಕೈಮುಗಿದದ್ದನ್ನು ಎಷ್ಟು ಸಲ ಹೇಳಿದ್ದಾರೋ! ಆಗೆಲ್ಲ ಒಂದು ಹಾಡಿಗೆ ನಾಲ್ಕು ಸಲ 'ವನ್ಸ್ ಮೋರ್' ಆಗುತ್ತಿತ್ತಂತೆ. ಸತ್ತು ಬಿದ್ದ ಪಾತ್ರವೂ ಎದ್ದು ಕೂತು, ಇನ್ನೊಮ್ಮೆ ಹಾಡಿ, ಮತ್ತೆ ಸಾಯಬೇಕು. ಬೆಂಗಳೂರಿನಲ್ಲಿ ಕೆಲಸಕ್ಕಿರುವ ನನ್ನ ತಂಗಿಯ ಮಗಳು ಒಮ್ಮೆ, 2004ರಲ್ಲಿ ಶುರುವಾದ ಅಲ್ಲಿನ ರಂಗಶಂಕರದ ಸಂಗತಿ ಹೇಳುತ್ತಿದ್ದಳು. ಆಟ ಶುರುವಾದ ಮೇಲೆ ಟಿಕೀಟು ಕೈಯಲ್ಲಿದ್ದರೂ ಒಳಗೆ ಬಿಡುವುದಿಲ್ಲವಂತೆ, ಎಲ್ಲರೂ ಮೌನವಾಗಿ ಕೂತು ನೋಡಬೇಕಂತೆ. ಅತ್ತೆಯವರು ಕೇಳಿ, "ಛಲೋ ಪದ್ಧತಿನ. ಆದ್ರ ಅಲ್ಲಿ ವನ್ಸ್ ಮೋರ್ ಯಾರ ಅಂತಾರ?" ಎಂದು ಮರುಪ್ರಶ್ನೆ ಹಾಕಿದ್ದರು.

ಇರಲಿ. ಅತ್ತೆಯವರು, ನಾನು, ಪಕ್ಕದ ಮನೆಯ ವೈನಿ ಬಾಡಿಗೆ ಗಾಡಿ ಮಾಡಿಕೊಂಡು ಹೋದೆವು. ನಾದಿನಿ ತನ್ನ ಊರಿನಿಂದ ನೇರವಾಗಿ ಬರುವವಳಿದ್ದಳು. ದೇವಿಯ ದರ್ಶನ ಆಯಿತು. ಹೊಂಡದ ಹತ್ತಿರ ಬುಟ್ಟಿ ಇಟ್ಟುಕೊಂಡು ಕೂಡುವ ಹೆಣ್ಣುಮಕ್ಕಳಿಂದ ರೊಟ್ಟಿ, ಕಾಳುಪಲ್ಲೆ, ಗಡಿಗೆಯ ಕೆನೆಮೊಸರು ತೆಗೆದುಕೊಂಡು ಉಂಡೆವು. ಆ ಮೊಸರಿನ ರುಚಿ ನಮ್ಮ ಫ್ರಿಜ್ಜಿನ ಮೊಸರಿಗೆ ಎಲ್ಲಿಂದ ಬರಬೇಕು? ನಾನು ಕೇಳಿದೆನೆಂದು ಆ ತಾಯಿ ಎರಡನೆಯ ಸಲ ಶೇಂಗಾ ಚಟ್ನಿ ಹಾಕಿದಳು, ದುಡ್ಡು ತೆಗೆದುಕೊಳ್ಳಲಿಲ್ಲ. ಈ ಮಾತು ನೆನಪಿನಲ್ಲಿರಲಿ.

ಅವತ್ತು ರವಿವಾರ. ರಾತ್ರಿಯ ಆಟಕ್ಕೆ ಟಿಕೀಟಿನ ಕಿಟಕಿಯ ಹತ್ತಿರ ಹೋದರೆ "ಖುರ್ಚಿ ಮುಗದಾವ್ರೀ" ಎಂದು ಬಾಗಿಲು ಹಾಕಿಬಿಟ್ಟರು. ಅತ್ತೆಯವರ ಮೋರೆ ನೋಡಲಾಗಲಿಲ್ಲ. ಅಷ್ಟರಲ್ಲಿ ಚಹದ ಅಂಗಡಿಯ ಮಗ್ಗುಲಿಗೆ ನಿಂತಿದ್ದ ಒಬ್ಬ ಹುಡುಗ "ಅಕ್ಕಾರ, ಎಷ್ಟು ಬೇಕ್ರಿ?" ಎಂದ. 150 ರೂಪಾಯಿಯ ಟಿಕೀಟಿಗೆ 250! ಸಿನಿಮಾ ಥೇಟರಿನ ಮುಂದೆ ಬ್ಲ್ಯಾಕ್ ನೋಡಿದ್ದೆ, ನಾಟಕಕ್ಕೂ ಬಂತೇ ಎಂದು ಬೈದೆ. ಬೈದರೂ ಚೌಕಾಸಿ ಮಾಡಿ 220ರಂತೆ ನಾಲ್ಕು ಕೊಂಡೆ. ಕೊಂಡು ಹತ್ತು ನಿಮಿಷವಾಗಿರಲಿಲ್ಲ, ನಾದಿನಿಯ ಫೋನು ಬಂತು: ಕೂಸಿಗೆ ಜ್ವರ, ಬರುವುದಿಲ್ಲ.

ಈಗ ನನ್ನ ಕೈಯಲ್ಲಿ ಒಂದು ಟಿಕೀಟು ಹೆಚ್ಚಿಗೆ. ಮುಚ್ಚಿದ ಕಿಟಕಿಯ ಮುಂದೆ ನನ್ನದೇ ವಯಸ್ಸಿನ ಒಬ್ಬ ಹೆಣ್ಣುಮಗಳು ನಿಂತಿದ್ದಳು. ಸೊಂಟದ ಮೇಲೆ ಖಾಲಿ ರೊಟ್ಟಿ ಬುಟ್ಟಿ. ದಿನವಿಡೀ ಮಾರಿ, ರಾತ್ರಿ ಒಂದು ಆಟ ನೋಡೋಣವೆಂದು ಬಂದವಳು. "ಯಕ್ಕಾ, ಹೆಚ್ಚಿಂದೈತೇನ?" ಎಂದಳು. ನಾನು "ಐತಿ, 220" ಎಂದೆ. ಬಾಯಿಂದ ಅಷ್ಟು ಸಲೀಸಾಗಿ ಬಂತು, ಸೋದರಿಯರೇ. ನಾನು ಕೊಟ್ಟದ್ದೇ ಅಷ್ಟಲ್ಲವೇ ಎಂದು ಮನಸ್ಸಿನಲ್ಲಿ ಲೆಕ್ಕ. ಆಕೆ ಟಿಕೀಟಿನ ಮೇಲೆ ಅಚ್ಚಾಗಿದ್ದ 150ನ್ನು ನೋಡಿದಳು, ನನ್ನ ಮೋರೆ ನೋಡಿದಳು, ಸೆರಗಿನ ಗಂಟು ಬಿಚ್ಚಿ ಹತ್ತು ಇಪ್ಪತ್ತರ ನೋಟು ಎಣಿಸಿ ಕೊಟ್ಟಳು. ಒಂದೇ ಒಂದು ಐವತ್ತರ ನೋಟಿತ್ತು.

ಅತ್ತೆಯವರು ಸುಮ್ಮನೆ ನೋಡುತ್ತಿದ್ದರು. ಒಳಗೆ ಹೋಗುವಾಗ ಇಷ್ಟೇ ಅಂದರು: "ಮಧ್ಯಾಹ್ನ ಅಂಥಾಕಿ ಕಡಿಂದನ ಹೆಚ್ಚಿಗಿ ಚಟ್ನಿ ಹಾಕಿಸ್ಕೊಂಡಿ. ಅದಕ್ಕೆಷ್ಟು ಕೊಟ್ಟಿ?"

ಒಳಗೆ ಹೋದರೆ ಇನ್ನೊಂದು ಫಜೀತಿ. ಟಿಕೀಟಿನ ಮೇಲೆ ಖುರ್ಚಿಯ ನಂಬರೇ ಇಲ್ಲ, ಮೊದಲು ಬಂದವರು ಕೂತಿದ್ದಾರೆ, ಖುರ್ಚಿ ಭರ್ತಿ. ಬಾಗಿಲಿನವನು "ಬಾಜೂಕ ಚಾಪಿ ಮ್ಯಾಲ ಕೂಡ್ರಿ" ಎಂದ. ನನಗೆ ಸಿಟ್ಟು ಬಂತು. ದೊಡ್ಡ ದನಿಯಲ್ಲಿ ಜಗಳ ತೆಗೆದೆ. ಕಂಪನಿಯ ಮ್ಯಾನೇಜರರೇ ಬಂದರು. ವಯಸ್ಸಾದವರು, ಕೈಮುಗಿದು ಮಾತಾಡಿದರು: "ತಾಯೀ, ನಾವು ಹೆಚ್ಚಿಗಿ ರೊಕ್ಕಕ್ಕ ಮಾರೂದಿಲ್ರಿ. ಆ ಹುಡುಗ್ರು ಮುಂಜಾನೆ ಬಂದು ಹತ್ತು ಹತ್ತು ಟಿಕೀಟು ಒಯ್ತಾರ. ನಿಮ್ಮ 70 ರೂಪಾಯಿ ನಮಗ ಮುಟ್ಟಿಲ್ರಿ." ಜಾಗದ ಬಾಡಿಗೆ, ಕರೆಂಟು, ಪರದೆ ಸಾಗಿಸುವ ಲಾರಿ, ಕಲಾವಿದರ ಪಗಾರ, ಅವರ ಊಟ, ಎಲ್ಲವೂ ಆ 150ರಲ್ಲಿ ಹೊರಡಬೇಕಂತೆ. "ಈ ಒಂದು ತಿಂಗಳ ದುಡಿಮ್ಯಾಗ ನಮ್ಮ ವರ್ಷದ ಅನ್ನ ಐತ್ರಿ" ಎಂದರು. ನಾಟಕದ ಟಿಕೀಟು 500 ರೂಪಾಯಿಯವರೆಗೆ ಇದ್ದರೆ ಅದಕ್ಕೆ ಜಿ.ಎಸ್.ಟಿ. ಇಲ್ಲವೆಂಬುದು ಅವರಿಗೊಂದು ಸಮಾಧಾನ. ಸಿನಿಮಾದವರಿಗೆ ಆ ಭಾಗ್ಯವಿಲ್ಲ. 2025ರಲ್ಲಿ ನಮ್ಮ ಸರಕಾರ ಸಿನಿಮಾ ಟಿಕೀಟಿಗೆ 200 ರೂಪಾಯಿಯ ಮಿತಿ ಹಾಕಿದ್ದೂ, ಅದೇ ಸೆಪ್ಟೆಂಬರಿನಲ್ಲಿ ಹೈಕೋರ್ಟು ಅದಕ್ಕೆ ತಡೆಯಾಜ್ಞೆ ಕೊಟ್ಟದ್ದೂ ನಿಮಗೆ ಗೊತ್ತೇ ಇದೆ. ಆದರೆ ಚಹದ ಅಂಗಡಿಯ ಹುಡುಗನಿಗೆ ಯಾವ ಮಿತಿ? ಹೆಚ್ಚಿನ ಬೆಲೆಗೆ ಮಾರಿದ ನನಗಾದರೂ ಯಾವ ಮಿತಿ ಇತ್ತು?

ಮ್ಯಾನೇಜರರು ತಮ್ಮ ಕೋಣೆಯಿಂದ ಒಂದು ಖುರ್ಚಿ ತರಿಸಿ ಅತ್ತೆಯವರನ್ನು ಎಲ್ಲರಿಗಿಂತ ಮುಂದೆ ಕೂಡಿಸಿದರು. ವೈನಿ ಮತ್ತು ನಾನು ಅವರ ಕಾಲ ಹತ್ತಿರ ಚಾಪೆಯ ಮೇಲೆ. ರೊಟ್ಟಿ ಬುಟ್ಟಿಯ ಹೆಣ್ಣುಮಗಳು ಆಚೆ ಕಂಬಕ್ಕೆ ಒರಗಿ ನೆಲದ ಮೇಲೆ ಕೂತಿದ್ದಳು. ಅತ್ತೆಗಾಗಿ ಅಷ್ಟು ಕೂಗಾಡಿದ ನನಗೆ, ಆಕೆಗೊಂದು ಜಾಗ ಕೇಳುವ ಬಾಯಿ ಬರಲಿಲ್ಲ.

ನಾಟಕ ಶುರುವಾಯಿತು. ಕಥೆ ಎಂಥದೆಂದು ಹೇಳುವುದಿಲ್ಲ, ಅಣ್ಣ ತಮ್ಮಂದಿರ ಜಗಳ, ಕಡೆಗೆ ಒಂದಾಗುತ್ತಾರೆ. ಹಾಸ್ಯದವನು ಬಂದಾಗಲೇ ಥೇಟರಿಗೆ ಜೀವ ಬಂದದ್ದು. ಎದುರಿಗೇ ಮುದುಕಿ ಕೂತದ್ದು ನೋಡಿ, "ಯವ್ವಾ, ನಿನಗ ಎಷ್ಟ ಮಂದಿ ಸೊಸೆಂದ್ರು?" ಎಂದ. ಅತ್ತೆಯವರು ತಡಮಾಡದೆ "ಒಬ್ಬಾಕಿ. ಅಕೀನ ಸಾಕಾಗ್ಯಾಳ" ಎಂದುಬಿಟ್ಟರು! ಇಡೀ ಥೇಟರು ನಕ್ಕಿತು. ನಾನೂ ನಕ್ಕೆ, ಏನು ಮಾಡಲಿ?

ಆ ನಗು ಆದಮೇಲೆ ಅವನ ನಾಲಿಗೆ ಜಾರಿತು. ಎರಡರ್ಥದ ಮಾತು ಶುರುವಾದವು. ಹಿಂದಿನಿಂದ ಸಿಳ್ಳೆ. ಹೆಣ್ಣುಮಕ್ಕಳು ಕೂತ ಕಡೆ ಎಲ್ಲರೂ ತಲೆ ತಗ್ಗಿಸಿದೆವು. ಮಗಳ ಜೊತೆ ಬಂದ ತಾಯಂದಿರ ಸಂಕಟ ನಿಮಗೆ ಬಿಡಿಸಿ ಹೇಳಬೇಕಿಲ್ಲ. ಈ ಕಾರಣಕ್ಕೇ ಎಷ್ಟೋ ಮನೆಯವರು ಕಂಪನಿ ನಾಟಕ ಬಿಟ್ಟಿದ್ದಾರೆ. ಕಂಪನಿಯವರು "ಮಂದಿ ಕೇಳ್ತಾರ, ನಾವು ಕೊಡ್ತೀವಿ" ಎನ್ನುತ್ತಾರೆ. ಸಿಳ್ಳೆ ಹೊಡೆಯುವವರು ಮಾತ್ರ ಮಂದಿಯೇ? ತಲೆ ತಗ್ಗಿಸಿ ಕೂತವರೂ 150 ಕೊಟ್ಟವರೇ ಅಲ್ಲವೇ?

ನಾನು ಇದನ್ನು ಮನಸ್ಸಿನಲ್ಲಿ ಅಂದುಕೊಳ್ಳುತ್ತಿದ್ದೆ. ಅತ್ತೆಯವರು ಬಾಯಿಬಿಟ್ಟೇ ಅಂದರು. ಖುರ್ಚಿಯಲ್ಲಿ ಕೂತಲ್ಲಿಂದಲೇ, "ತಮ್ಮಾ, ದನಿ ಇಷ್ಟ ಛಲೋ ಐತಿ ನಿನಗ. ಆ ಮಾತು ಬಿಡು, ಹಾಡು ಹೇಳು."

ಒಂದು ಕ್ಷಣ ಸದ್ದಿಲ್ಲ. ಆಮೇಲೆ ಕಂಬದ ಕಡೆಯಿಂದ ಚಪ್ಪಾಳೆ ಬಂತು. ರೊಟ್ಟಿ ಬುಟ್ಟಿಯ ಹೆಣ್ಣುಮಗಳೇ. ಹಿಂದೆಯೇ ಹೆಣ್ಣುಮಕ್ಕಳ ಕಡೆಯ ಎಲ್ಲ ಕೈಗಳೂ. ಪಾಪ, ಆ ಹುಡುಗ ಸಣ್ಣವನು, ಮೋರೆ ಕೆಂಪಾಯಿತು. ಅತ್ತೆಯವರಿಗೆ ಕೈಮುಗಿದು ಪೇಟಿ ಮಾಸ್ತರರ ಕಡೆ ನೋಡಿದ. ಹಾಡಿದ ನೋಡಿ! ಮುಗಿದಾಗ ಸಿಳ್ಳೆಯವರೇ 'ವನ್ಸ್ ಮೋರ್' ಕೂಗಿದರು. ಎರಡು ಸಲ ಹಾಡಿದ.

"ಆಯೇರಿ ಮಾಡಬೇಕು, ಐವತ್ತು ಕೊಡು" ಎಂದು ಅತ್ತೆಯವರು ನನ್ನ ಕಡೆ ಕೈಚಾಚಿದರು. ಚೀಲಕ್ಕೆ ಕೈಹಾಕಿದರೆ ಬಂದದ್ದು ಆ ಹೆಣ್ಣುಮಗಳ ಐವತ್ತರ ನೋಟೇ, ಅಂಚಿಗೆ ಇನ್ನೂ ಜೋಳದ ಹಿಟ್ಟು ಹತ್ತಿತ್ತು. ಮೈಕಿನಲ್ಲಿ ಅತ್ತೆಯವರ ಊರ ಹೆಸರು ಹೇಳಿ ಆಯೇರಿ ಸಾರಿದರು. ಅವರಿಗೆ ಹಿಗ್ಗೋ ಹಿಗ್ಗು.

ಆಟ ಬಿಟ್ಟಾಗ ಒಂದು ಗಂಟೆ. 70 ರೂಪಾಯಿ ಮುಷ್ಟಿಯಲ್ಲಿ ಹಿಡಿದು ಬಾಗಿಲಲ್ಲಿ ನಿಂತೆ. ಆ ಗದ್ದಲದಲ್ಲಿ ಆಕೆ ಯಾವ ಕಡೆ ಹೋದಳೋ ಕಾಣಲಿಲ್ಲ. ಗಾಡಿಯವನು ಹಾರ್ನು ಹೊಡೆಯುತ್ತಿದ್ದ.

ಜಾತ್ರೆಯ ನಾಟಕಕ್ಕೆ ಹೋಗುವವರು ರವಿವಾರ ಬಿಟ್ಟು ಹೋಗಿರಿ. ಮುಂಜಾನೆಯೇ ಕಿಟಕಿಯಲ್ಲಿ ಟಿಕೀಟು ಕೊಂಡು, ಖುರ್ಚಿಗೆ ನಂಬರು ಇದೆಯೋ ಇಲ್ಲವೋ ಅಲ್ಲಿಯೇ ಕೇಳಿರಿ. ಇಲ್ಲವೆಂದರೆ ಅರ್ಧ ತಾಸು ಮೊದಲೇ ಒಳಗೆ ಹೋಗಬೇಕು. ವಯಸ್ಸಾದವರಿಗೆ ಒಂದು ಶಾಲು, ಕೆಳಗೆ ಹಾಸಲು ಒಂದು ದುಪ್ಪಟಿ ಇರಲಿ, ಜನವರಿಯ ರಾತ್ರಿ ತಗಡಿನ ಕೆಳಗೆ ಥಂಡಿ ಹತ್ತುತ್ತದೆ. ಟಿಕೀಟು ಹೆಚ್ಚಿಗೆ ಉಳಿದರೆ ಏನು ಮಾಡಬೇಕೆಂದು ನಾನು ಹೇಳಿದರೆ ನೀವು ನಗುತ್ತೀರಿ.

ಆ 70 ರೂಪಾಯಿ ಸಾಸಿವೆ ಡಬ್ಬಿಯಲ್ಲಿದೆ. ಮುಂದಿನ ಬನದ ಹುಣ್ಣಿಮೆಗೆ ಹೊಂಡದ ದಂಡೆಯ ಬುಟ್ಟಿಗಳ ಸಾಲಿನಲ್ಲಿ ಹುಡುಕುವವಳಿದ್ದೇನೆ. "ಸಿಗತಾಳ ಬಿಡು, ಚಪ್ಪಾಳಿ ಹೊಡದಾಕಿ ಮಾರಿ ನನಗ ನೆನಪೈತಿ" ಎನ್ನುತ್ತಾರೆ ಅತ್ತೆಯವರು, ಮುಂದಿನ ವರ್ಷವೂ ಬರುವ ಹಂಚಿಕೆ ಈಗಲೇ ಹಾಕಿಕೊಂಡು.

ಗಡಿಗೆಯಲ್ಲಿ ಕೆನೆಮೊಸರು ಹೆಪ್ಪು ಹಾಕುವ ಕ್ರಮ ಮುಂದಿನ ಸಂಚಿಕೆಯಲ್ಲಿ.