ಹತ್ತು ಕಟ್ಟುವ ಕಡೆ ಒಂದು ಮುತ್ತು

ಕಳೆದ ವಾರ ಹಳೆಯ ವಿದ್ಯಾರ್ಥಿಯೊಬ್ಬರು ದೂರವಾಣಿ ಮಾಡಿದ್ದರು. ಹೊಸದಾಗಿ ಮನೆ ಕಟ್ಟಿಸಿಕೊಂಡಿದ್ದಾರೆ; ಸಣ್ಣಪುಟ್ಟ ಕೆಲಸಗಳನ್ನು ಸ್ವಂತ ಕೈಯಿಂದಲೇ ಮಾಡಬೇಕೆಂಬ ಉತ್ಸಾಹದಲ್ಲಿದ್ದಾರೆ. ಕುಶಲ ಪ್ರಶ್ನೆಗಳೆಲ್ಲ ಮುಗಿದ ಮೇಲೆ, "ಸರ್, ಒಂದು ಒಳ್ಳೆಯ ಹೋಲ್ ಸಾ ಕಿಟ್ ಬೇಕಾಗಿತ್ತು. ಹದಿನಾರು ತುಂಡುಗಳ ಪೆಟ್ಟಿಗೆ ಅಗ್ಗದಲ್ಲಿ ಸಿಗುತ್ತಿದೆ. ತೆಗೆದುಕೊಳ್ಳಲೇ?" ಎಂದು ಕೇಳಿದರು. ಜೀವಮಾನವಿಡೀ ಗಣಿತ ಬೋಧಿಸಿದವನನ್ನು ಇಂಥ ಪ್ರಶ್ನೆ ಕೇಳುವುದೇಕೆ ಎಂದು ನಿಮಗೆ ಅನಿಸಬಹುದು. ನಿವೃತ್ತಿಯ ನಂತರ ನನಗೆ ಹತ್ತಿದ ಬಡಗಿ ಕೆಲಸದ ಚಟ ನಿಮ್ಮಲ್ಲಿ ಹಲವರಿಗೆ ಗೊತ್ತೇ ಇದೆ. ಅಂಥದ್ದೇ ಪೆಟ್ಟಿಗೆಯೊಂದು ನಮ್ಮ ಮನೆಯ ಅಟ್ಟದ ಮೇಲೂ ಇದೆ. ಅದಕ್ಕೆ ಹಣ ಕೊಟ್ಟವನು ನಾನು. ಬೆಲೆ ತೆತ್ತವನು ಮಾತ್ರ ನನ್ನ ಇನ್ನೊಬ್ಬ ವಿದ್ಯಾರ್ಥಿ. ಆದುದರಿಂದ ಫೋನಿನಲ್ಲಿ ಎರಡು ಮಾತಿಗೆ ಮುಗಿಸದೆ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಈ ಉಪಕರಣವನ್ನು ಕಾಣದವರಿಗಾಗಿ ಮೊದಲು ಒಂದು ಮಾತು. ಬಾಯಂಚಿನ ಸುತ್ತ ಗರಗಸದ ಹಲ್ಲುಗಳಿರುವ ಉಕ್ಕಿನ ಬಟ್ಟಲನ್ನು ಊಹಿಸಿಕೊಳ್ಳಿ. ಅದರ ನಡುವೆ ಒಂದು ಸಣ್ಣ ಬೈರಿಗೆ ಮೂತಿ ಹೊರಚಾಚಿಕೊಂಡಿರುತ್ತದೆ. ಬಟ್ಟಲನ್ನೂ ಬೈರಿಗೆಯನ್ನೂ ಹಿಡಿದು ಡ್ರಿಲ್ ಯಂತ್ರಕ್ಕೆ ಜೋಡಿಸುವ ದಂಡಕ್ಕೆ ಆರ್ಬರ್ ಎನ್ನುತ್ತಾರೆ. ಬೈರಿಗೆಯು ಮೊದಲು ಇಳಿದು ಕೇಂದ್ರಬಿಂದುವನ್ನು ಭದ್ರಪಡಿಸುತ್ತದೆ, ಬಟ್ಟಲು ಪರಿಧಿಯನ್ನು ಕೊಯ್ಯುತ್ತದೆ. ನಿಮ್ಮ ಕಂಪಾಸ್ ಪೆಟ್ಟಿಗೆಯ ಕೈವಾರವೇ ಗರಗಸವಾಗಿ ಹುಟ್ಟಿಬಂದಂತೆ!

ಇದರ ಜಾಣ್ಮೆ ಇರುವುದು ತಿರುಳನ್ನು ಮುಟ್ಟದೆ ಬಿಡುವುದರಲ್ಲಿ. 100 ಮಿ.ಮೀ. ವ್ಯಾಸದ ರಂಧ್ರ ಬೇಕೆಂದುಕೊಳ್ಳಿ. ಹಲ್ಲುಗಳು ಕೊಯ್ಯುವ ಉಂಗುರದ ಅಗಲ 4 ಮಿ.ಮೀ. ಆದರೆ, ತ್ರಿಜ್ಯಗಳು 50 ಮತ್ತು 46. ಅವುಗಳ ವರ್ಗಗಳ ವ್ಯತ್ಯಾಸ 384. ಇಡೀ ವೃತ್ತಕ್ಕೆ 2500. ಅಂದರೆ ನೂರರಲ್ಲಿ ಸುಮಾರು ಹದಿನೈದು ಪಾಲನ್ನು ಮಾತ್ರ ಪುಡಿ ಮಾಡಿದರೆ ಸಾಕು, ಉಳಿದದ್ದು ಬಿಲ್ಲೆಯಾಗಿ ಹೊರಬೀಳುತ್ತದೆ. ಈ ಯುಕ್ತಿ ಹೊಸದೇನಲ್ಲ. ಪ್ರಾಚೀನ ಈಜಿಪ್ಟಿನವರು ತಾಮ್ರದ ಕೊಳವೆ ಮತ್ತು ಮರಳಿನ ನೆರವಿನಿಂದ ಗ್ರಾನೈಟ್ ಶಿಲೆಯನ್ನೇ ಹೀಗೆ ಕೊರೆಯುತ್ತಿದ್ದರು. ಫ್ಲಿಂಡರ್ಸ್ ಪೆಟ್ರಿ ಎಂಬ ಪುರಾತತ್ತ್ವಜ್ಞ ಗೀಜಾದ ಪಿರಮಿಡ್ಡುಗಳನ್ನು ಕುರಿತ ತನ್ನ 1883ರ ಗ್ರಂಥದಲ್ಲಿ ಅಂಥ ಕೊಳವೆ ಬೈರಿಗೆಗಳ ಗುರುತುಗಳನ್ನು ವಿವರಿಸಿದ್ದಾನೆ.

ಇನ್ನು ನನ್ನ ಪೆಟ್ಟಿಗೆಯ ಕಥೆ. ಕೆಲವು ವರ್ಷಗಳ ಹಿಂದೆ ಪೇಟೆಯ ಅಂಗಡಿಯೊಂದರಲ್ಲಿ ಅದನ್ನು ಕಂಡು ಮರುಳಾದೆ. ಹದಿನಾರು ತುಂಡುಗಳೆಂದು ಮೇಲೆ ಬರೆದಿತ್ತು. ಬಿಚ್ಚಿ ಎಣಿಸಿದರೆ ಬಟ್ಟಲುಗಳು ಹನ್ನೆರಡೇ. ಮಿಕ್ಕವು ಎರಡು ಆರ್ಬರ್, ಒಂದು ತಟ್ಟೆ, ಒಂದು ಕೀಲಿ. ಅಳತೆಗಳು 19ರಿಂದ 127 ಮಿ.ಮೀ. ವರೆಗೆ. ಒಂದರೊಳಗೊಂದು ಅಡಕವಾಗಿ ಕುಳಿತ ಆ ಬಟ್ಟಲುಗಳನ್ನು ನೋಡಿದಾಗ ಇನ್ನು ಈ ಜನ್ಮಕ್ಕೆ ಸಾಕು ಎನಿಸಿತ್ತು.

ಅದೇ ತಿಂಗಳು ತಾರಸಿಯ ಮೇಲೆ ಹೊಸ ನೀರಿನ ಟ್ಯಾಂಕು ಇಡಿಸಿದೆವು. ಕೆಲಸಕ್ಕೆ ಬಂದವನು ನನ್ನ ಹಳೆಯ ವಿದ್ಯಾರ್ಥಿಯೇ. ಹೆಸರು ಬೇಡ. ಎಂಟನೆಯ ತರಗತಿಯಲ್ಲಿ ಎರಡು ಸಲ ಗಣಿತದಲ್ಲಿ ನಪಾಸಾಗಿ, ಶಾಲೆ ಬಿಟ್ಟು, ಕೊಳಾಯಿ ಕೆಲಸ ಕಲಿತು ಮರ್ಯಾದೆಯಿಂದ ಬದುಕುತ್ತಿರುವವನು. ಒಂದು ಇಂಚಿನ ಟ್ಯಾಂಕ್ ನಿಪ್ಪಲ್ ಕೂರಿಸಬೇಕಿತ್ತು. "ಸರ್, ಇದಕ್ಕೆ ಮೂವತ್ತೈದರದ್ದು ಬೇಕು, ನಾಳೆ ನನ್ನದನ್ನು ತರುತ್ತೇನೆ" ಎಂದ. ನಾನು ಪೆಟ್ಟಿಗೆಯನ್ನು ಹೆಮ್ಮೆಯಿಂದ ಮುಂದಿಟ್ಟೆ. ಅದರಲ್ಲಿ 32 ಇತ್ತು, 38 ಇತ್ತು, ನಡುವೆ ಏನೂ ಇರಲಿಲ್ಲ. ಒಂದು ಇಂಚು ಎಂಬುದು ಕೊಳವೆಯ ಹೆಸರೇ ಹೊರತು ಹೊರಗಿನ ಅಳತೆಯಲ್ಲ; ಅದರ ಮರೆಯ ಹೊರವ್ಯಾಸ 33.25 ಮಿ.ಮೀ. ಎಂಬುದು ಆಗ ನನಗೆ ತಿಳಿದಿರಲಿಲ್ಲ. "ಮೂವತ್ತೆಂಟರಲ್ಲಿ ಹೊಡಿ, ವಾಷರ್ ಮುಚ್ಚಿಕೊಳ್ಳುತ್ತದೆ" ಎಂದೆ. ಮುಚ್ಚಿಕೊಳ್ಳಲಿಲ್ಲ. ಆ ಟ್ಯಾಂಕು ಬಹಳ ದಿನ ತೊಟ್ಟಿಕ್ಕುತ್ತಲೇ ಇತ್ತು.

ಅಷ್ಟಕ್ಕೇ ನಿಂತಿದ್ದರೆ ನಗುವ ವಿಷಯವಾಗುತ್ತಿತ್ತು. ಅದೇ ಮಧ್ಯಾಹ್ನ ಪಂಪಿನ ಮನೆಯ ಕಬ್ಬಿಣದ ತಗಡಿನ ಬಾಗಿಲಿನಲ್ಲಿ 50 ಮಿ.ಮೀ. ಪೈಪು ಹಾಯಿಸಲು ರಂಧ್ರ ಬೇಕಾಯಿತು. ಪೆಟ್ಟಿಗೆಯಲ್ಲಿ 51 ಇತ್ತು. ಮೂರು ಗಂಟೆಗೆ ವಿದ್ಯುತ್ ಹೋಗುವ ದಿನಗಳವು. ಅವನು ಗುಂಡಿಯನ್ನು ಅರೆಬರೆ ಒತ್ತಿ ನಿಧಾನವಾಗಿ ತಿರುಗಿಸುತ್ತಿದ್ದ. ನಾನು, "ಹೀಗಾದರೆ ಸಂಜೆಯಾದೀತು, ಪೂರ್ತಿ ಒತ್ತಪ್ಪಾ" ಎಂದೆ. "ಬಟ್ಟಲು ದೊಡ್ಡದಾದಷ್ಟೂ ನಿಧಾನ ಬಿಡಬೇಕು ಸರ್" ಎಂದ. ಆದರೂ ಮೇಷ್ಟರ ಮಾತಲ್ಲವೆ? ಪೂರ್ತಿ ಒತ್ತಿದ. ಮೊದಲು ಹೊಗೆ ಬಂತು. ಹಲ್ಲುಗಳು ಬಿಸಿಗೆ ಮೊಂಡಾದವು. ಮೊಂಡು ಹಲ್ಲು ಕೊಯ್ಯದ್ದರಿಂದ ಮೈಭಾರ ಹಾಕಿ ಒತ್ತಬೇಕಾಯಿತು. ತಗಡು ಹರಿಯುವ ಕೊನೆಯ ಗಳಿಗೆಯಲ್ಲಿ ಬಟ್ಟಲು ಅಂಚಿಗೆ ಸಿಕ್ಕಿ ಗಕ್ಕನೆ ನಿಂತಿತು. ಬಟ್ಟಲು ನಿಂತದ್ದರಿಂದ ಯಂತ್ರವೇ ತಿರುಗಿತು. ಅವನ ಬಲಗೈಯ ಮಣಿಕಟ್ಟಿನ ಎಲುಬು ಬಿರುಕು ಬಿಟ್ಟಿತ್ತು. ಆರು ವಾರ ಪ್ಲಾಸ್ಟರ್. ದಿನಗೂಲಿಯ ಮೇಲೆ ಮನೆ ನಡೆಸುವವನಿಗೆ ಆರು ವಾರವೆಂದರೆ ಏನೆಂದು ನಾನು ವಿವರಿಸಬೇಕಿಲ್ಲ. ಕೂಲಿಯ ಹಣವನ್ನು ಕೊಡಲು ಹೋದಾಗ, "ನಿಮ್ಮದೇನು ತಪ್ಪು ಸರ್" ಎಂದು ಹಿಂದಕ್ಕೆ ತಳ್ಳಿದ. ಅವನ ತಾಯಿಯ ಕೈಗೆ ಕೊಟ್ಟು ಬಂದೆ. ತಪ್ಪು ನನ್ನದೇ ಆಗಿತ್ತು.

ಆ ರಾತ್ರಿ ಕಾಗದ ಪೆನ್ಸಿಲು ಹಿಡಿದು ಕುಳಿತೆ. ಹಲ್ಲು ನಿಮಿಷಕ್ಕೆ ಕ್ರಮಿಸುವ ದೂರವೆಂದರೆ ಪರಿಧಿಯನ್ನು ಸುತ್ತುಗಳಿಂದ ಗುಣಿಸಿದ್ದು. ಪೈ, ವ್ಯಾಸ, ಸುತ್ತು, ಈ ಮೂರರ ಗುಣಲಬ್ಧ. ಆ ದೂರ ಒಂದು ಮಿತಿಯಲ್ಲಿರಬೇಕಾದರೆ ವ್ಯಾಸ ಇಮ್ಮಡಿಯಾದಾಗ ಸುತ್ತು ಅರ್ಧವಾಗಬೇಕು. ಒಳ್ಳೆಯ ಉಕ್ಕಿನ ಬಟ್ಟಲುಗಳಿಗೆ ತಯಾರಕರು ಕೊಡುವ ಪಟ್ಟಿಗಳಲ್ಲಿ ಸಾಧಾರಣ ಕಬ್ಬಿಣ ಕೊಯ್ಯಲು 19 ಮಿ.ಮೀ.ಗೆ ನಿಮಿಷಕ್ಕೆ 460 ಸುತ್ತು, 38ಕ್ಕೆ 230, 76ಕ್ಕೆ 115 ಎಂದಿರುವುದು ಇದೇ ಲೆಕ್ಕ. 51ಕ್ಕೆ ಸುಮಾರು 170 ಬರುತ್ತದೆ. ನನ್ನ ಡ್ರಿಲ್ಲಿನ ಗರಿಷ್ಠ ವೇಗ 2800! ಹದಿನಾರು ಪಟ್ಟು ಹೆಚ್ಚಿನ ವೇಗಕ್ಕೆ ನಾನು ಅವನನ್ನು ದೂಡಿದ್ದೆ. ಎಂಟನೆಯ ತರಗತಿಯಲ್ಲಿ ಯಾವ ಸೂತ್ರಕ್ಕೆ ನಾನು ಅವನಿಗೆ ಸೊನ್ನೆ ಕೊಟ್ಟಿದ್ದೆನೋ ಅದು ಅವನ ಕೈಗೆ ಗೊತ್ತಿತ್ತು. ಕಲಿಸಿದ ನನಗೆ ಹೊಳೆದಿರಲಿಲ್ಲ.

ಇಷ್ಟು ಪೀಠಿಕೆಯ ನಂತರ ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳುತ್ತೇನೆ. ಪೆಟ್ಟಿಗೆಯನ್ನು ಕೊಳ್ಳಬೇಡಿ. ಮೊದಲು ನಿಮ್ಮ ಮನೆಗೆ ಯಾವ ಯಾವ ರಂಧ್ರಗಳು ಬೇಕೆಂದು ಪಟ್ಟಿ ಮಾಡಿ. ಆಮೇಲೆ ಒಂದು ಒಳ್ಳೆಯ ಆರ್ಬರ್, ಎರಡೋ ಮೂರೋ ಒಳ್ಳೆಯ ಬಟ್ಟಲುಗಳನ್ನು ಬಿಡಿಯಾಗಿ ಕೊಳ್ಳಿ. ಕಿಟ್ ಎಂಬುದು ಹೀಗೆ ಒಂದೊಂದಾಗಿ ಕೂಡಿಬರಬೇಕು.

ನಮ್ಮ ಮನೆಯ ಪಟ್ಟಿಯನ್ನೇ ನೋಡಿ. ಅರ್ಧ ಇಂಚಿನ ನಿಪ್ಪಲ್‌ಗೆ 22, ಮುಕ್ಕಾಲು ಇಂಚಿಗೆ 27 ಅಥವಾ 28, ಒಂದು ಇಂಚಿಗೆ 34 ಅಥವಾ 35. ಪಿವಿಸಿ ಪೈಪುಗಳನ್ನು ಹೊರವ್ಯಾಸದಿಂದಲೇ ಕರೆಯುವುದರಿಂದ 50ರ ಪೈಪಿಗೆ 51, 75ಕ್ಕೆ 76, ಮಳೆನೀರಿನ 110ಕ್ಕೆ 114. ಬಾಗಿಲಿಗೆ ಗುಂಡು ಹಿಡಿಯ ಬೀಗ ಕೂರಿಸಲು 54. ಒಟ್ಟು ಏಳು ಅಳತೆ. ನನ್ನ ಪೆಟ್ಟಿಗೆಯಲ್ಲಿ ಇವುಗಳ ಪೈಕಿ ಸಿಕ್ಕಿದ್ದು ನಾಲ್ಕು. 35, 54, 114 ಮೂರೂ ಇಲ್ಲ. ಉಳಿದ ಎಂಟು ಬಟ್ಟಲುಗಳಲ್ಲಿ ಸರಿಯಾಗಿ ಉಪಯೋಗಕ್ಕೆ ಬಂದದ್ದು ಒಂದೂ ಇಲ್ಲ. "ಹತ್ತು ಕಟ್ಟುವ ಕಡೆ ಒಂದು ಮುತ್ತು ಕಟ್ಟು" ಎಂದು ನಮ್ಮ ಹಿರಿಯರು ಹೇಳಿದ್ದು ಇಂಥ ವ್ಯಾಪಾರವನ್ನು ಕಂಡೇ ಇರಬೇಕು.

ಅಳತೆಯ ನಂತರ ನೋಡಬೇಕಾದದ್ದು ಹಲ್ಲಿನ ಲೋಹ. ಅಗ್ಗದ ಪೆಟ್ಟಿಗೆಗಳಲ್ಲಿ ಬರುವುದು ಸಾಮಾನ್ಯವಾಗಿ ಇಂಗಾಲದ ಉಕ್ಕು. ಮೆದು ಮರ, ಪ್ಲೈವುಡ್, ಪ್ಲಾಸ್ಟಿಕ್‌ಗಳಿಗೆ ಅದು ಸಾಕು. ಬಿಸಿಯಾದರೆ ಹದ ಕಳೆದುಕೊಳ್ಳುತ್ತದೆ, ಆದ್ದರಿಂದ ಲೋಹಕ್ಕೆ ತಕ್ಕುದಲ್ಲ. ಮನೆಗೆ ಯೋಗ್ಯವಾದದ್ದು ಬೈಮೆಟಲ್ ಎಂಬ ಜಾತಿ. ಇದರ ಮೈ ಬಾಗಿ ಬಳುಕುವ ಉಕ್ಕು, ಹಲ್ಲಿನ ಅಂಚಿಗೆ ಮಾತ್ರ ಗಡಸು ಉಕ್ಕನ್ನು ಬೆಸೆದಿರುತ್ತಾರೆ. ಎಂ 42 ಎಂದು ನಮೂದಿಸಿದ್ದರೆ ಆ ಅಂಚಿನಲ್ಲಿ ನೂರಕ್ಕೆ 8ರಷ್ಟು ಕೋಬಾಲ್ಟ್ ಇರುತ್ತದೆ. ಬಿಸಿಯಲ್ಲೂ ಮೊನೆ ಉಳಿಯುತ್ತದೆ. ಮರ, ಪಿವಿಸಿ, ಅಲ್ಯೂಮಿನಿಯಂ, ಕಬ್ಬಿಣದ ತಗಡು ಎಲ್ಲಕ್ಕೂ ಒಂದೇ ಬಟ್ಟಲು ಸಲ್ಲುತ್ತದೆ. ಸ್ಟೇನ್‌ಲೆಸ್ ಸ್ಟೀಲಿನ ಕೆಲಸ ಹೆಚ್ಚಿದ್ದರೆ ಕಾರ್ಬೈಡ್ ಹಲ್ಲಿನದನ್ನು ನೋಡಿ. ಟೈಲ್ಸ್ ಮತ್ತು ಗ್ರಾನೈಟಿಗೆ ವಜ್ರದ ಹರಳು ಲೇಪಿಸಿದ್ದೇ ಆಗಬೇಕು. ಅದನ್ನು ನೀರು ಚಿಮುಕಿಸುತ್ತ ನಡೆಸಬೇಕು, ಆದರೆ ಯಂತ್ರಕ್ಕೆ ನೀರು ತಾಗಬಾರದು. ಇಟ್ಟಿಗೆ ಕಾಂಕ್ರೀಟುಗಳಿಗೆ ಬೈಮೆಟಲ್ ಹಿಡಿದು ಹೋದರೆ ಐದು ನಿಮಿಷದಲ್ಲಿ ಬೋಳು ಬಟ್ಟಲು ಕೈಯಲ್ಲಿ ಉಳಿಯುತ್ತದೆ.

ಮೂರನೆಯದು ಆರ್ಬರ್. 30 ಮಿ.ಮೀ. ವರೆಗಿನ ಬಟ್ಟಲುಗಳಿಗೆ ಸಣ್ಣ ಮರೆ, 32ರಿಂದ ಮೇಲಿನವಕ್ಕೆ ದೊಡ್ಡ ಮರೆ ಇರುವುದು ರೂಢಿ. ದೊಡ್ಡ ಆರ್ಬರಿನಲ್ಲಿ ಬಟ್ಟಲಿನ ಬೆನ್ನಿಗೆ ಹೊಕ್ಕುವ ಎರಡು ಗೂಟಗಳಿರಬೇಕು. ಕೊಯ್ಯುವ ಭಾರವನ್ನು ಹೊರುವುದು ಅವೇ. ನಿಮ್ಮ ಡ್ರಿಲ್ಲಿನ ಚಕ್ 10 ಮಿ.ಮೀ.ಯದಾಗಿದ್ದರೆ 11 ಮಿ.ಮೀ. ಷಟ್ಕೋನ ದಂಡದ ಆರ್ಬರ್ ಅದರೊಳಗೆ ಹೋಗುವುದಿಲ್ಲ, ಅಳೆದು ಕೊಳ್ಳಿ. ಬಟ್ಟಲಿನ ಆಳವನ್ನೂ ಗಮನಿಸಿ. ಆಳ ಕಡಿಮೆಯಿದ್ದರೆ ದಪ್ಪ ಬಾಗಿಲನ್ನು ಎರಡು ಬದಿಯಿಂದಲೂ ಕೊಯ್ಯಬೇಕಾಗುತ್ತದೆ. ಬೈರಿಗೆಯ ರಂಧ್ರ ಆರುಪಾರಾಗಿರುವುದರಿಂದ ಕೇಂದ್ರ ತಪ್ಪುವುದಿಲ್ಲವೆನ್ನಿ. ಕಪಾಟಿನ ಒಳಹಿಂಜಿಗೆ ಬೇಕಾದ 35 ಮಿ.ಮೀ. ಕುಳಿಗೆ ಮಾತ್ರ ಇದು ಬೇಡ. ಆ ಕುಳಿ ಹಲಗೆಯನ್ನು ದಾಟಬಾರದು. ಅದಕ್ಕೆ ಫೋರ್ಸ್‌ನರ್ ಬಿಟ್ ಎಂಬುದು ಬೇರೆಯೇ ಇದೆ.

ಬಳಸುವಾಗ ಪಕ್ಕದ ಹಿಡಿಯನ್ನು ಕಡ್ಡಾಯವಾಗಿ ಜೋಡಿಸಿ, ಎರಡೂ ಕೈಯಲ್ಲಿ ಹಿಡಿಯಿರಿ. ಸುತ್ತಿಗೆಯ ಚಿಹ್ನೆಯ ಕಡೆಗೆ ಗುಂಡಿ ತಿರುಗಿರಬಾರದು. ಬಡಿತಕ್ಕೆ ಹಲ್ಲು ಮುರಿಯುತ್ತದೆ. ಕಬ್ಬಿಣಕ್ಕೆ ಕಟಿಂಗ್ ಎಣ್ಣೆ ಹಾಕಿ. ತಗಡಿನ ಹಿಂದೆ ಒಂದು ಹಲಗೆ ಬಿಗಿದರೆ ಕೊನೆಯ ಗಳಿಗೆಯ ಆ ಸಿಕ್ಕು ಬಹಳ ಮಟ್ಟಿಗೆ ತಪ್ಪುತ್ತದೆ. ಕಣ್ಣಿಗೆ ಕನ್ನಡಕವಿರಲಿ; ಉದ್ದ ತೋಳಿನ ಸಡಿಲ ಅಂಗಿ, ಕೈಗವಸು ಬೇಡ.

"ವರ್ಷಕ್ಕೊಮ್ಮೆ ಕೊರೆಯುವವನಿಗೆ ಅಷ್ಟು ಬೆಲೆಯ ಬಟ್ಟಲು ಏತಕ್ಕೆ?" ಎಂದು ಕೇಳುವವರುಂಟು. ನ್ಯಾಯವಾದ ಪ್ರಶ್ನೆಯೇ. ಪ್ಲೈವುಡ್ಡಿನಲ್ಲಿ ತಂತಿ ಹಾಯಿಸಲು ನಾಲ್ಕು ರಂಧ್ರ ಬೇಕಾದವರಿಗೆ ಅಗ್ಗದ ಪೆಟ್ಟಿಗೆ ಸಾಕು, ಅದರಲ್ಲಿ ದೋಷವಿಲ್ಲ. ಆದರೆ ಲೋಹದ ಕೆಲಸವಿದ್ದರೆ, ಅದಕ್ಕಿಂತ ಮುಖ್ಯವಾಗಿ, ಆ ಉಪಕರಣವನ್ನು ಹಿಡಿಯುವ ಕೈ ನಿಮ್ಮದಲ್ಲವಾದರೆ ಆ ಲೆಕ್ಕ ಸಲ್ಲದು. ನಾವು ಅಗ್ಗವೆಂದು ಉಳಿಸಿದ ನೂರಾರು ರೂಪಾಯಿಯ ಅಪಾಯವನ್ನು ಹೊರುವವನು ನಮ್ಮ ಮನೆಗೆ ಕೆಲಸಕ್ಕೆ ಬಂದವನು. ಕೆಲಸಗಾರ ತನ್ನ ಸಲಕರಣೆ ತರುತ್ತೇನೆ, ನಾಳೆ ಬರುತ್ತೇನೆ ಎಂದರೆ ಒಂದು ದಿನ ಕಾಯಿರಿ. ನಮ್ಮ ಕೊಳಾಯಿಗೆ ಒಂದು ದಿನ ತಡವಾದರೆ ಪ್ರಪಂಚ ಮುಳುಗದು.

ಪ್ಲಾಸ್ಟರ್ ಬಿಚ್ಚಿದ ತಿಂಗಳಿಗೆ ಅವನನ್ನು ಕರೆದುಕೊಂಡು ಬೆಂಗಳೂರಿನ ಎಸ್.ಜೆ.ಪಿ. ರಸ್ತೆಗೆ ಹೋಗಿದ್ದೆ. ಅಂಗಡಿಯವನು ಪೆಟ್ಟಿಗೆ ತೋರಿಸಲು ಬಂದಾಗ ನನ್ನ ಶಿಷ್ಯನೇ ಬೇಡವೆಂದು ಕೈಯಾಡಿಸಿ, ಬಿಡಿ ಬಟ್ಟಲುಗಳನ್ನು ಒಂದೊಂದಾಗಿ ಎತ್ತಿ, ಹಲ್ಲಿನ ಬೆಸುಗೆಯನ್ನು ಉಗುರಿನಿಂದ ಸವರಿ ನೋಡಿ, 22, 35, 51 ಮೂರನ್ನು ಆರಿಸಿದ. ಒಂದು ಆರ್ಬರ್ ದೊಡ್ಡದು, ಒಂದು ಸಣ್ಣದು. ಹಣ ನಾನು ಕೊಟ್ಟೆ. ಅವು ಇರುವುದು ಅವನ ಚೀಲದಲ್ಲಿ. ನನಗೆ ಬೇಕಾದಾಗ ಅವನನ್ನೇ ಕರೆಯುತ್ತೇನೆ. ಅವನು ಕೊರೆಯುವಾಗ ನಾನು ಮಾತನಾಡುವುದಿಲ್ಲ.

ಫೋನ್ ಮಾಡಿದ ಶಿಷ್ಯರಿಗೆ ಇದೇ ನನ್ನ ಉತ್ತರ. ನಿಮ್ಮ ಪಟ್ಟಿ ತಯಾರಾದ ಮೇಲೆ ಕಳುಹಿಸಿ, ಅವನಿಗೂ ತೋರಿಸಿ ಹೇಳುತ್ತೇನೆ.