ಪರವಾನಗಿಯಿಂದ ಡಾಕ್ಟರ ಕುರ್ಚಿ ತುಂಬೀತೆ?

ಯಾದಗಿರಿ, ಶಹಾಪುರ, ಸುರಪುರ ಸೀಮೆಯ ಬಡ ಒಕ್ಕಲಿಗನಿಗೆ ಪಗಾರವಿಲ್ಲ, ಪಿಂಚಣಿಯಿಲ್ಲ. ಎರಡು ಎತ್ತು, ಒಂದು ಎಮ್ಮೆ, ಹತ್ತಿಪ್ಪತ್ತು ಕುರಿ, ಇವೇ ಅವನ ಆಸ್ತಿ. ಕರುಳುಬೇನೆ ಹೊಕ್ಕರೆ ಹಿಂಡಿನ ಕೊಬ್ಬಿದ ಮರಿಗಳೇ ಬೆಳಗಾಗುವುದರೊಳಗೆ ಸತ್ತು ಬೀಳುತ್ತವೆ. ಅಂಥ ಮುಂಜಾನೆ ಅವನು ದನದ ದವಾಖಾನೆಗೆ ಓಡಿದರೆ ಅಲ್ಲಿ ಡಾಕ್ಟರು ಇರಬೇಕೋ ಬೇಡವೋ? ಈ ಮೂರು ತಾಲ್ಲೂಕು ಸೇರಿ 2009ರಲ್ಲಿ ಜಿಲ್ಲೆಯಾದಾಗ ನಾವೆಲ್ಲ ಹಿಗ್ಗಿದೆವು. ಕಚೇರಿ ಹತ್ತಿರ ಬಂತು. ಎಲ್ಲ ದವಾಖಾನೆಗಳಿಗೂ ಡಾಕ್ಟರು ಬರಲಿಲ್ಲ.

ಹುದ್ದೆಗಳು ಖಾಲಿ ಬಿದ್ದಾಗಲೆಲ್ಲ ಆಳುವವರಿಗೆ ಒಂದು ಅಗ್ಗದ ಉಪಾಯ ಹೊಳೆಯುತ್ತದೆ: ಪದವಿಯಿಲ್ಲದವರಿಗೆ ವಿಶೇಷ ಅನುಮತಿ ಕೊಟ್ಟು ಕೆಲಸ ಸಾಗಿಸುವುದು. ಕಾನೂನು ಏನು ಹೇಳುತ್ತದೆಂಬುದನ್ನು ವಾಚಕರು ತಿಳಿದಿರಬೇಕು. 1984ರ ಭಾರತೀಯ ಪಶುವೈದ್ಯ ಪರಿಷತ್ ಕಾಯದೆಯ 30ನೆಯ ಕಲಮಿನಂತೆ ನೋಂದಾಯಿತ ಪಶುವೈದ್ಯನಲ್ಲದವನು ಸರಕಾರಿ ಸಂಸ್ಥೆಯಲ್ಲಿ ವೈದ್ಯನ ಹುದ್ದೆ ಹಿಡಿಯುವಂತಿಲ್ಲ, ಪ್ರಮಾಣಪತ್ರಕ್ಕೆ ರುಜು ಹಾಕುವಂತಿಲ್ಲ. ಡಿಪ್ಲೊಮಾ ಇಲ್ಲವೆ ಸರ್ಟಿಫಿಕೇಟು ಪಡೆದ ಸಹಾಯಕರಿಗೆ ಮಾತ್ರ, ಲಸಿಕೆ ಹಾಕುವುದು, ಬೀಜ ಒಡೆಯುವುದು, ಗಾಯಕ್ಕೆ ಪಟ್ಟಿ ಕಟ್ಟುವುದು ಮೊದಲಾದ ಸಣ್ಣ ಸೇವೆಗಳಿಗೆ ರಾಜ್ಯ ಸರಕಾರ ಅನುಮತಿ ಕೊಡಬಹುದು. ಅದೂ ನೋಂದಾಯಿತ ವೈದ್ಯನ ಮೇಲ್ವಿಚಾರಣೆಯಲ್ಲಿ, ಅವನ ನಿರ್ದೇಶನದಂತೆ.

ಡಾಕ್ಟರ ಕುರ್ಚಿಯೇ ಬರಿದಾಗಿರುವಲ್ಲಿ ಮೇಲ್ವಿಚಾರಣೆ ಯಾರದು? ಕುರ್ಚಿಯದೇ?

ನಾವು ಸಹಾಯಕರ ವಿರೋಧಿಗಳಲ್ಲ. ಅವರೂ ದುಡಿಯುವ ಜನ. 2022ರಲ್ಲಿ ಚರ್ಮಗಂಟು ರೋಗ ರಾಜ್ಯದಲ್ಲಿ ಹಬ್ಬಿದಾಗ, ಲಸಿಕೆ ಹಾಕಲು ಎಷ್ಟು ಕೈಗಳು ಬೇಕೆಂಬುದು ಎಲ್ಲರಿಗೂ ಮನದಟ್ಟಾಯಿತು. ಆದರೆ ರೋಗ ನಿರ್ಣಯಿಸುವುದು, ಅಡ್ಡ ತಿರುಗಿದ ಕರುವನ್ನು ಹೊರತೆಗೆಯುವುದು ಬೇರೆಯೇ ವಿದ್ಯೆ. ಆ ಭಾರವನ್ನು ಸಹಾಯಕನ ಮೇಲೆ ಹೊರಿಸಿ, ಎತ್ತು ಸತ್ತರೆ ತಪ್ಪನ್ನು ಅವನ ತಲೆಗೇ ಕಟ್ಟುವುದು ಅನ್ಯಾಯ. ಸತ್ತ ಕುರಿಗೆ ಅನುಗ್ರಹ ಯೋಜನೆಯ ಪರಿಹಾರ ಬೇಡಿದರೂ ವೈದ್ಯನ ರುಜು ಬೇಕು. ರುಜು ಹಾಕುವವರಿಲ್ಲದಿದ್ದರೆ ಬಡವನಿಗೆ ಕುರಿಯೂ ಹೋಯಿತು, ದುಡ್ಡೂ ಹೋಯಿತು.

5,000 ದನಗಳಿಗೆ ಒಬ್ಬ ವೈದ್ಯನಿರಬೇಕೆಂದು ರಾಷ್ಟ್ರೀಯ ಕೃಷಿ ಆಯೋಗ 1976ರಲ್ಲೇ ಹೇಳಿತು. ಪಶುವೈದ್ಯಕೀಯ ವಿಶ್ವವಿದ್ಯಾಲಯ ನಮ್ಮ ಬೀದರಿನಲ್ಲೇ ಇದೆ. ಈ ಭಾಗದ ಸರಕಾರಿ ನೌಕರಿಗಳಲ್ಲಿ ಸ್ಥಳೀಯರಿಗೆ ಮೀಸಲಾತಿ ದೊರಕಿಸಲು ಸಂವಿಧಾನಕ್ಕೆ 371(ಜೆ) ವಿಧಿಯೂ ಸೇರಿದೆ. ವಿದ್ಯೆ ಇದೆ, ಕಾನೂನು ಇದೆ. ಇಲ್ಲದಿರುವುದು ಆಳುವವರ ಮನಸ್ಸು.

ನಮ್ಮ ಬೇಡಿಕೆ ಸ್ಪಷ್ಟ. ಖಾಲಿ ಹುದ್ದೆಗಳನ್ನು ಗುತ್ತಿಗೆಯಿಂದಲ್ಲ, ಕಾಯಂ ನೇಮಕದಿಂದ ತುಂಬಬೇಕು. ಹಳ್ಳಿಯಲ್ಲಿ ನಿಲ್ಲುವ ಡಾಕ್ಟರಿಗೆ ವಸತಿ, ವಾಹನ ಕೊಡಬೇಕು. ಸಹಾಯಕರ ಕೆಲಸದ ಎಲ್ಲೆಯನ್ನೂ ಮೇಲ್ವಿಚಾರಕ ವೈದ್ಯನ ಹೆಸರನ್ನೂ ಪ್ರತಿ ದವಾಖಾನೆಯ ಗೋಡೆಯ ಮೇಲೆ ಬರೆಸಬೇಕು. ಅದನ್ನು ಓದಿದ ರೈತನಿಗೆ ಯಾರನ್ನು ಕೇಳಬೇಕೆಂಬುದು ತಿಳಿದೀತು.

ರೈತಬಂಧುಗಳೇ, ಕುರಿಗಾರ ಬಂಧುಗಳೇ! ಮುಂದಿನ ಗ್ರಾಮಸಭೆಯಲ್ಲಿ ಈ ಠರಾವು ಮಂಡಿಸಿರಿ. ಮೂಕಪ್ರಾಣಿ ಅರ್ಜಿ ಬರೆಯಲಾರದು. ಅದನ್ನು ಸಾಕಿದವರು ಬಾಯಿ ತೆರೆಯಲೇಬೇಕು.