ಪೆನ್ಸಿಲ್ ಒಬ್ಬರದು, ಶಾಯಿ ಇನ್ನೊಬ್ಬರದು

ಕಾಮಿಕ್ಸ್ ಕಲಾವಿದನಿಗೆ ವಯಸ್ಸಾಯಿತು, ಕೈ ಸೋತಿತು ಎಂದು ನಾವು ಬಹಳ ಬೇಗ ತೀರ್ಪು ಕೊಡುತ್ತೇವೆ. ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ: ಅಚ್ಚಾದ ಪುಟದ ಮೇಲಿರುವ ಗೆರೆ ಯಾರದು? ಅಮೆರಿಕದ ಕಾಮಿಕ್ಸ್ ಉದ್ಯಮದಲ್ಲಿ ಚಿತ್ರಕಾರ ಪೆನ್ಸಿಲ್‌ನಲ್ಲಿ ಬರೆದು ಕೊಡುತ್ತಿದ್ದ. ಅದರ ಮೇಲೆ ನಿಬ್ಬು, ಕುಂಚಗಳಿಂದ ಶಾಯಿ ಹಾಕುವವನು ಹೆಚ್ಚಾಗಿ ಇನ್ನೊಬ್ಬ, ಅವನೇ ಇಂಕರ್. ಶಾಯಿ ಒಣಗಿದ ಮೇಲೆ ಪೆನ್ಸಿಲ್ ಗುರುತನ್ನು ಉಜ್ಜಿ ತೆಗೆಯುತ್ತಿದ್ದರು. ಓದುಗನಿಗೆ ಕಾಣುತ್ತಿದ್ದದ್ದು ಇಂಕರ್ ಎಳೆದ ಗೆರೆ.

ಆ ಗೆರೆಯ ತೂಕ ನಿಪ್ಪಾಣಿಯಂಥ ಕನ್ನಡ-ಮರಾಠಿ ಗಡಿಯೂರಿನ ಓದುಗರಿಗೆ ಸುಲಭವಾಗಿ ಅರ್ಥವಾಗಬೇಕು. ಕಾರ್ಕಳದ ಅನಂತ ಪೈ 1967ರಲ್ಲಿ ಆರಂಭಿಸಿದ ಅಮರ ಚಿತ್ರ ಕಥೆ ಕನ್ನಡದಲ್ಲೂ ಬಂತು, ಮರಾಠಿಯಲ್ಲೂ ಬಂತು. ಎರಡೂ ಭಾಷೆ ಬಲ್ಲವರು ಒಂದೇ ಕಥೆಯ ಎರಡು ಪ್ರತಿಗಳನ್ನು ಪಕ್ಕದಲ್ಲಿಟ್ಟರೆ ಮಾತು ಬೇರೆ, ಕೃಷ್ಣನ ಹುಬ್ಬು ಒಂದೇ. ಭಾಷೆ ಬದಲಾದರೂ ಬದಲಾಗದೆ ಉಳಿಯುವುದು ಶಾಯಿಯ ಗೆರೆ.

ಶಾಯಿ ಬದಲಾದರೆ ಚಿತ್ರವೇ ಬದಲಾಗುತ್ತದೆ ಎಂಬುದಕ್ಕೆ ಸ್ಪಷ್ಟ ಸಾಕ್ಷಿ 1986ರದು. ದಶಕಗಳ ಕಾಲ ಸೂಪರ್‌ಮ್ಯಾನ್ ಚಿತ್ರಿಸಿದ ಕರ್ಟ್ ಸ್ವಾನ್‌ಗೆ ಆಗ ಅರವತ್ತೈದು ದಾಟಿತ್ತು. ಅಲನ್ ಮೂರ್ ಬರೆದ ಎರಡು ಭಾಗಗಳ ಸೂಪರ್‌ಮ್ಯಾನ್ ವಿದಾಯ ಕಥೆಗೆ ಪೂರ್ತಿ ಪೆನ್ಸಿಲ್ ಅವರದೇ. ಆದರೆ ಮೊದಲ ಭಾಗಕ್ಕೆ ಶಾಯಿ ಹಾಕಿದವರು ಜಾರ್ಜ್ ಪೆರೆಝ್, ಎರಡನೆಯದಕ್ಕೆ ಕರ್ಟ್ ಶಾಫೆನ್‌ಬರ್ಗರ್. ಮೊದಲಿನದರಲ್ಲಿ ಸಣ್ಣ ಸಣ್ಣ ಗೆರೆಗಳ ದಟ್ಟ ವಿವರ. ಎರಡನೆಯದರಲ್ಲಿ ದುಂಡನೆಯ, ತಿಳಿಯಾದ ಹಳೆಯ ಕಾಲದ ಚೆಲುವು. ಚಿತ್ರಕಾರ ಒಬ್ಬನೇ, ಕಥೆಯೂ ಒಂದೇ. ವ್ಯತ್ಯಾಸ ಹುಟ್ಟಿದ್ದು ಶಾಯಿಯಲ್ಲಿ.

ಚಿತ್ರಕಾರ ಜ್ಯಾಕ್ ಕರ್ಬಿಯ ಕಥೆ ಇನ್ನೂ ಗಂಭೀರ. 1960ರ ದಶಕದ ಉತ್ತರಾರ್ಧದಲ್ಲಿ ಅವರ ಫೆಂಟಾಸ್ಟಿಕ್ ಫೋರ್ ಕಾಮಿಕ್ಸ್ ಪುಟಗಳಿಗೆ ಜೋ ಸಿನ್ನೊಟ್ ನುಣುಪಾದ ಶಾಯಿ ಹಾಕುತ್ತಿದ್ದರು. 1970ರಲ್ಲಿ ಕರ್ಬಿ ಡಿಸಿ ಸಂಸ್ಥೆಗೆ ಬಂದಾಗ ಅವರಿಗೆ ಸಿಕ್ಕ ಇಂಕರ್ ವಿನ್ಸ್ ಕೊಲೆಟ್ಟಾ. ಬೇಗ ಮುಗಿಸುವುದರಲ್ಲಿ ಹೆಸರಾಗಿದ್ದ ಕೊಲೆಟ್ಟಾ, ಹಿನ್ನೆಲೆಯ ಆಕೃತಿಗಳನ್ನು ಅಳಿಸಿಬಿಡುತ್ತಿದ್ದದ್ದೂ ಉಂಟು. ಕರ್ಬಿ ಒತ್ತಾಯಿಸಿದ ಮೇಲೆ 1971ರಲ್ಲಿ ಮೈಕ್ ರಾಯರ್ ಬಂದರು. ಅವರು ಪೆನ್ಸಿಲ್ ಇದ್ದಂತೆಯೇ ಶಾಯಿ ಹಾಕಿದರು. ಚೌಕನೆಯ ಬೆರಳು, ಕಡಿದಿಟ್ಟಂಥ ನೆರಳು, ಒರಟು ಬಲ ಎಲ್ಲವೂ ಪುಟಕ್ಕೆ ಬಂದವು. ಸಿನ್ನೊಟ್ ಪುಟಗಳಿಗೆ ಒಗ್ಗಿದ ಕಣ್ಣಿಗೆ ಕರ್ಬಿ ಕೆಟ್ಟರು ಅನಿಸಬಹುದು. ಆದರೆ ಅವರು ಇಟ್ಟುಕೊಂಡಿದ್ದ ಪೆನ್ಸಿಲ್ ಪುಟಗಳ ಜೆರಾಕ್ಸ್ ಪ್ರತಿಗಳು ಮುಂದೆ ಅಚ್ಚಾದವು. ಅವುಗಳನ್ನು ನೋಡಿದರೆ ತಿಳಿಯುತ್ತದೆ: ಆ ಒರಟುತನ ಮುಪ್ಪಿನ ಸೋಲಲ್ಲ, ಕರ್ಬಿಯ ಸ್ವಂತ ಸ್ವಭಾವ. ರಾಯರ್ ಅದನ್ನು ಮುಚ್ಚಲಿಲ್ಲ, ಅಷ್ಟೆ.

ವಯಸ್ಸು ಏನೂ ಮಾಡುವುದಿಲ್ಲವೇ ಎಂದು ಕೇಳಬಹುದು. ಮಾಡುತ್ತದೆ. ಕಣ್ಣು ಮಂಜಾಗುತ್ತದೆ, ಕೈ ನಡುಗುತ್ತದೆ, ತಿಂಗಳ ಗಡುವು ಯಾರನ್ನೂ ಬಿಡುವುದಿಲ್ಲ. ಆದ್ದರಿಂದಲೇ ಹಿರಿಯನ ಪಾಲಿಗೆ ಇಂಕರ್ ಇನ್ನಷ್ಟು ಮುಖ್ಯನಾಗುತ್ತಾನೆ. ಪೆನ್ಸಿಲ್ ಸಡಿಲವಾದಷ್ಟೂ ಶಾಯಿಯಲ್ಲಿ ಆಗಬೇಕಾದ ತೀರ್ಮಾನಗಳು ಹೆಚ್ಚುತ್ತವೆ: ಯಾವ ಗೆರೆ ದಪ್ಪ, ಎಲ್ಲಿ ಕಪ್ಪು, ಎಲ್ಲಿ ಬಿಳಿ ಬಿಡಬೇಕು. ಸಹಿ ಹಿರಿಯನದು, ನಿರ್ಧಾರ ಇನ್ನೊಬ್ಬನದು. ಮೆಚ್ಚುಗೆಯನ್ನಾಗಲಿ ತೆಗಳಿಕೆಯನ್ನಾಗಲಿ ಒಬ್ಬರ ತಲೆಗೇ ಕಟ್ಟುವುದು ನ್ಯಾಯವಲ್ಲ.

ನಮ್ಮ ದೇಶದಲ್ಲೂ ಇದನ್ನು ಒಪ್ಪಿ ನಡೆದವರಿದ್ದಾರೆ. ಹಿಂದಿಯ ರಾಜ್ ಕಾಮಿಕ್ಸ್‌ನಲ್ಲಿ ಚಿತ್ರಕಾರ ಅನುಪಮ್ ಸಿನ್ಹಾ ಅವರ ಹೆಸರಿನ ಜೊತೆಗೆ ಶಾಯಿ ಹಾಕಿದ ವಿಠ್ಠಲ್ ಕಾಂಬ್ಳೆ, ವಿನೋದ್ ಕುಮಾರ್ ಅವರ ಹೆಸರುಗಳನ್ನೂ ಅಚ್ಚು ಹಾಕಲಾಯಿತು. ಕನ್ನಡದಲ್ಲಿ ಚಿತ್ರಕಥೆ ತರುವ ಪ್ರಕಾಶಕರು ಇಷ್ಟನ್ನಾದರೂ ಮಾಡಲಿ: ಪೆನ್ಸಿಲ್ ಯಾರದು, ಶಾಯಿ ಯಾರದು ಎಂದು ಮೊದಲ ಪುಟದಲ್ಲೇ ಬೇರೆ ಬೇರೆಯಾಗಿ ಬರೆಯಲಿ. ಓದುಗರೂ ಆ ಎರಡನೆಯ ಹೆಸರನ್ನು ಓದಿಕೊಂಡೇ ತೀರ್ಪು ಹೇಳಲಿ.